ಮುಂಬೈ–ಚೆನ್ನೈ ಹೆದ್ದಾರಿ: ಉದ್ದಕ್ಕೆ ಓಡುವವರಿಗೆ ಆರು ಪಥ, ಅಡ್ಡ ದಾಟುವವರಿಗೆ?

ದಾವಣಗೆರೆ, ಚಿತ್ರದುರ್ಗದ ಪಕ್ಕ ಹಾದುಹೋಗುವ ಹೆದ್ದಾರಿಯ ಸಂಖ್ಯೆ ಈಗ 48. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆ ಬದಲಾಗುವ ತನಕ ಅದು 4 ಆಗಿತ್ತು. ಹಳಬರು, ಲಾರಿಯವರು ಈಗಲೂ ‘ಎನ್‌ಎಚ್ ಫೋರ್’ ಅಂತಲೇ ಕರೆಯುತ್ತಾರೆ. ಆಗ 48 ಅಂತ ಇದ್ದದ್ದು ಬೆಂಗಳೂರಿನಿಂದ ಹಾಸನ, ಶಿರಾಡಿ ಘಾಟಿ ದಾಟಿ ಮಂಗಳೂರಿಗೆ ಇಳಿಯುವ ರಸ್ತೆ. ಹೊಸ ಪಟ್ಟಿಯಲ್ಲಿ ಮಂಗಳೂರು ರಸ್ತೆ 75 ಆಯಿತು, ಅದರ ಹಳೇ ಸಂಖ್ಯೆ ನಮ್ಮ ರಸ್ತೆಗೆ ಬಂತು. ಸಂಖ್ಯೆ ಬಂತು, ಬಂದರು ಬರಲಿಲ್ಲ.

ಈ ರಸ್ತೆ ಶುರುವಾಗುವುದು ದೆಹಲಿಯಲ್ಲಿ. ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಆಗಿ ನಮ್ಮಲ್ಲಿಗೆ ಬರುತ್ತದೆ. ಇಲ್ಲಿಂದ ತುಮಕೂರು, ಬೆಂಗಳೂರು, ವೆಲ್ಲೂರು ದಾಟಿ ಚೆನ್ನೈ ಸೇರುತ್ತದೆ. ನಮಗೆ ಸಂಬಂಧಪಟ್ಟದ್ದು ಮುಂಬೈಯಿಂದ ಚೆನ್ನೈವರೆಗಿನ ಭಾಗ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಸುವರ್ಣ ಚತುಷ್ಪಥದ ನಾಲ್ಕು ಬದಿಗಳಲ್ಲಿ ಇದೂ ಒಂದು, ಉದ್ದ 1,290 ಕಿ.ಮೀ. ಒಂದು ತುದಿಯಲ್ಲಿ ಮುಂಬೈ ಮತ್ತು ನವಾ ಶೇವಾ ಬಂದರು, ಇನ್ನೊಂದು ತುದಿಯಲ್ಲಿ ಚೆನ್ನೈ ಬಂದರು. ಹೆಚ್ಚುಕಡಿಮೆ ನಟ್ಟನಡುವೆ ನಾವು.

ಇಂಥ ರಸ್ತೆಯನ್ನು ಯಾವಾಗಲೂ ಉದ್ದಕ್ಕೇ ಅಳೆಯುತ್ತಾರೆ. ತುದಿಯಿಂದ ತುದಿಗೆ ಎಷ್ಟು ಗಂಟೆ ಉಳಿಯಿತು, ಒಂದು ಲಾರಿಗೆ ಎಷ್ಟು ಡೀಸೆಲ್ ಉಳಿಯಿತು, ದಿನಕ್ಕೆ ಎಷ್ಟು ಗಾಡಿ ಓಡಿದವು ಅನ್ನುವುದೇ ಲೆಕ್ಕ. ಮಧ್ಯದಲ್ಲಿರುವ ನಾವು ಈ ರಸ್ತೆಯನ್ನು ಬಳಸುವುದು ಬೇರೆ ಥರ. ಮನೆ ಈಚೆ, ಹೊಲ ಆಚೆ. ಹಾಲಿನ ಡೇರಿ ಈಚೆ, ಹೈಸ್ಕೂಲು ಆಚೆ. ನಮ್ಮ ದಿನದ ಓಡಾಟ ಹೆಚ್ಚಾಗಿ ಅಡ್ಡಕ್ಕೆ. ಸಮುದ್ರದ ವಿಷಯಕ್ಕೆ ಬಂದರೂ ಅಷ್ಟೇ. ನಮಗೆ ಹತ್ತಿರದ ಬಂದರು ಈ ರಸ್ತೆಯ ಯಾವ ತುದಿಯಲ್ಲೂ ಇಲ್ಲ, ಪಕ್ಕದಲ್ಲಿ, ಘಟ್ಟದ ಕೆಳಗೆ ಮಂಗಳೂರಿನಲ್ಲಿದೆ. ಹೆದ್ದಾರಿ ಅಗಲವಾದಂತೆಲ್ಲ ಉದ್ದದ ಓಟ ಸಲೀಸಾಗಿದೆ, ಅಡ್ಡದ ದಾರಿ ಬಿಗಿಯಾಗಿದೆ. ನಾನು ಹೇಳಹೊರಟಿರುವುದು ಇಷ್ಟೇ, ಆದರೆ ಇದು ಹೇಗೆ ಆಯಿತು ಅನ್ನುವುದರಲ್ಲಿ ವಿಷಯ ಇದೆ.

ಹಿಂದೆ ಹೆದ್ದಾರಿ ಊರೊಳಗೇ ಬರುತ್ತಿತ್ತು. ದಾವಣಗೆರೆಯ ಪಿ.ಬಿ. ರೋಡ್ ಅಂದರೆ ಅದೇ ಹಳೇ ಪೂನಾ–ಬೆಂಗಳೂರು ರಸ್ತೆ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಕಮಾನಿನ ಸೇತುವೆ ಕಟ್ಟಿದ್ದರು. ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಬಾಂಬೆ ಪ್ರಾಂತ್ಯ. ಎರಡು ಸೀಮೆಗಳ ಸರಕು ಕೈ ಬದಲಾಗುವ ಜಾಗದಲ್ಲಿ ಇದ್ದದ್ದರಿಂದಲೇ ದಾವಣಗೆರೆ ವ್ಯಾಪಾರದ ಊರಾಯಿತು. ಹತ್ತಿ ಬಂತು, ಮಿಲ್ಲುಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರೂ ಬಂತು. ಮಿಲ್ಲುಗಳು ಮುಚ್ಚಿದ್ದು ಬೇರೆ ಕತೆ. ಆದರೆ ಆ ರಸ್ತೆಯಲ್ಲಿ ಬಂದವರು ಊರಲ್ಲಿ ಊಟಕ್ಕೋ ರಿಪೇರಿಗೋ ಲೋಡಿಗೋ ನಿಲ್ಲುತ್ತಿದ್ದರು. ಬೈಪಾಸ್ ಬಂದ ಮೇಲೆ ನಿಲ್ಲುವ ಕಾರಣ ಹೋಯಿತು. ಇದನ್ನು ದೂರುವುದರಲ್ಲಿ ಅರ್ಥವಿಲ್ಲ. ಹದಿನಾಲ್ಕು ಚಕ್ರದ ಲಾರಿಗಳು ರಾತ್ರಿಯಿಡೀ ಊರ ಮಧ್ಯೆ ಓಡಲಿ ಅಂತ ಯಾರೂ ಕೇಳುವುದಿಲ್ಲ.

ಸುವರ್ಣ ಚತುಷ್ಪಥದ ಕೆಲಸ ವಾಜಪೇಯಿ ಸರ್ಕಾರದ ಕಾಲದಲ್ಲಿ, 1999ರಲ್ಲಿ ಶುರುವಾಯಿತು. ಒಟ್ಟು 5,846 ಕಿ.ಮೀ. ಮುಗಿಯುವ ಹೊತ್ತಿಗೆ 2012 ಬಂದಿತ್ತು. ನಾಲ್ಕು ಪಥ ಆಯಿತು ಅಂದುಕೊಳ್ಳುವಷ್ಟರಲ್ಲಿ ಆರು ಪಥದ ಕೆಲಸ ಹಿಡಿದರು. ತುಮಕೂರಿನಿಂದ ಚಿತ್ರದುರ್ಗದವರೆಗಿನ 114 ಕಿ.ಮೀ. ಮೊದಲು, ಆಮೇಲೆ ಚಿತ್ರದುರ್ಗ ದಾಟಿ ದಾವಣಗೆರೆ, ಹಾವೇರಿ ಕಡೆಗೆ.

ಡಿವೈಡರ್ ಮುಚ್ಚಿದ ಮೇಲೆ

ನಾಲ್ಕು ಪಥ ಇದ್ದಾಗ ಊರುಗಳ ಎದುರು ಡಿವೈಡರಿನಲ್ಲಿ ಸಂದು ಇರುತ್ತಿತ್ತು. ಎತ್ತಿನಗಾಡಿ, ಬೈಕು, ಟ್ರ್ಯಾಕ್ಟರು ಅದರಲ್ಲೇ ನುಗ್ಗಿ ಆಚೆ ಹೋಗುತ್ತಿದ್ದವು. ಅಪಾಯದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆರು ಪಥ ಮಾಡುವಾಗ ಈ ಸಂದುಗಳನ್ನು ಮುಚ್ಚಿ, ಬದಲಿಗೆ ಅಂಡರ್‌ಪಾಸ್, ಮೇಲ್ಸೇತುವೆ, ಸರ್ವಿಸ್ ರಸ್ತೆ ಕೊಡುತ್ತಾರೆ. ಕಾಗದದ ಮೇಲೆ ಇದು ಸರಿಯಾದ ಕ್ರಮವೇ.

ತೊಂದರೆ ಇರುವುದು ಅವುಗಳ ನಡುವಿನ ದೂರದಲ್ಲಿ. ಭರಮಸಾಗರ, ಆನಗೋಡು, ಐಮಂಗಲದಂಥ ಊರುಗಳಿಗೆ ಬಸ್ಸು ನಿಲ್ಲುತ್ತದೆ, ಸಂತೆ ಸೇರುತ್ತದೆ, ಅರ್ಜಿ ಕೊಡಲು ನಾಲ್ಕು ಜನ ಇರುತ್ತಾರೆ. ಅವಕ್ಕೆ ಹೇಗೋ ದಾರಿ ಸಿಗುತ್ತದೆ. ಗೋಳು ಇರುವುದು ನಡುವಿನ ಸಣ್ಣ ಹಳ್ಳಿ, ಗೊಲ್ಲರಹಟ್ಟಿ, ತಾಂಡಾಗಳಿಗೆ. ಅಲ್ಲಿ ಸರ್ವಿಸ್ ರಸ್ತೆ ಒಂದು ಕಡೆ ಶುರುವಾಗಿ, ಹಳ್ಳ ಬಂದಲ್ಲಿ ಸೇತುವೆ ಇಲ್ಲದೆ ನಿಂತುಬಿಡುತ್ತದೆ. ಜಾಗದ ತಕರಾರು ಇದ್ದಲ್ಲಿ ಕೋರ್ಟು ಮುಗಿಯುವ ತನಕ ನಿಲ್ಲುತ್ತದೆ. ಅಂಡರ್‌ಪಾಸ್ ಇದ್ದರೂ ಜೋರು ಮಳೆ ಬಂದರೆ ಅದೇ ಕೆರೆ. ಕುರಿ ಮಂದೆ ಹೊಡೆದುಕೊಂಡು ಹೋಗುವವರಿಗೆ ಆ ನೀರಿಗಿಂತ ಮೇಲಿನ ಟಾರೇ ವಾಸಿ ಅನ್ನಿಸುತ್ತದೆ.

ಈಗ ಒಬ್ಬ ರೈತ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಜತೆ ರಸ್ತೆ ಪಕ್ಕ ನಿಂತಿದ್ದಾನೆ ಅಂದುಕೊಳ್ಳಿ. ಎದುರಿಗೆ ಕಾಣುವ ಕಣಕ್ಕೆ ಮುನ್ನೂರು ಮೀಟರ್. ಸರಿಯಾದ ದಾರಿಯಲ್ಲಿ ಹೋದರೆ ಮುಂದಿನ ಅಂಡರ್‌ಪಾಸ್ ತನಕ ಹೋಗಿ, ತಿರುಗಿ ಅಷ್ಟೇ ದೂರ ಬರಬೇಕು. ಅವನು ಏನು ಮಾಡುತ್ತಾನೆ ಅನ್ನುವುದು ನಿಮಗೂ ಗೊತ್ತು, ರಸ್ತೆ ಪ್ಲಾನ್ ಮಾಡಿದ ಇಂಜಿನಿಯರಿಗೂ ಗೊತ್ತಿರಬೇಕು. ರಸ್ತೆ ಅಂಚು ಹಿಡಿದು ರಾಂಗ್ ಸೈಡಿನಲ್ಲಿ ಹೊರಡುತ್ತಾನೆ.

ಇದರ ಲೆಕ್ಕ ಭಯಂಕರವಾಗಿದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎದುರಿನಿಂದ 40ರ ವೇಗದಲ್ಲಿ ಬೈಕು ಬಂದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ ಹತ್ತಿರ ಹತ್ತಿರ 39 ಮೀಟರ್ ಕರಗುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಮುಂದೆ ಕಾಣುವುದು ಅಂದಾಜು 50 ಮೀಟರ್. ಅಂದರೆ ಕಂಡದ್ದಕ್ಕೂ ತಾಗುವುದಕ್ಕೂ ನಡುವೆ ಎರಡು ಸೆಕೆಂಡ್ ಕೂಡ ಇರುವುದಿಲ್ಲ. ಹಿಂದೆ ಕೆಂಪು ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತೆಯೂ ಇದೇ. ರಾಂಗ್ ಸೈಡ್ ಬಂದವನಿಗೆ ಬೈದು ಸುಮ್ಮನಾಗಬಹುದು. ಆದರೆ ಒಂದೇ ತಪ್ಪನ್ನು ಅದೇ ಜಾಗದಲ್ಲಿ ದಿನಾ ನೂರಾರು ಜನ ಮಾಡುತ್ತಿದ್ದರೆ, ತಪ್ಪು ಜನರದ್ದು ಮಾತ್ರ ಇರಲಾರದು. ಅಲ್ವಾ?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಮೂವತ್ತಾರು ಸಾವು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಒಟ್ಟು ರಸ್ತೆಗಳ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸು. ಸರ್ಕಾರ ಇದಕ್ಕೆ ಹಿಡಿದಿರುವ ದಾರಿ ಬ್ಲ್ಯಾಕ್ ಸ್ಪಾಟ್ ಗುರುತಿಸುವುದು. 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿದ್ದರೆ, ಇಲ್ಲವೇ ಹತ್ತು ಜನ ಸತ್ತಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಪಟ್ಟಿಗೆ ಬಂದರೆ ದುರಸ್ತಿಗೆ ದುಡ್ಡು ಬರುತ್ತದೆ.

ಈ ಅಳತೆಯಲ್ಲಿ ಸಣ್ಣ ಹಳ್ಳಿ ಜಾರಿಹೋಗುತ್ತದೆ. ಒಂದು ತಾಂಡಾದ ಮುಂದೆ ವರ್ಷಕ್ಕೊಬ್ಬರಂತೆ ಮೂರು ವರ್ಷದಲ್ಲಿ ಮೂವರು ಸತ್ತರೆ ಅದು ಬ್ಲ್ಯಾಕ್ ಸ್ಪಾಟ್ ಆಗುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ಇನ್ನು ಮೂವರು, ಅದರ ಮುಂದೆ ಇನ್ನಿಬ್ಬರು. ಸೇರಿಸಿದರೆ ದೊಡ್ಡ ಸಂಖ್ಯೆ, ಬಿಡಿಬಿಡಿಯಾಗಿ ನೋಡಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಡ್ಡ ದಾಟುವವರ ಸಾವು ಹೀಗೆ ಉದ್ದಕ್ಕೆ ಹರಡಿಕೊಂಡಿರುತ್ತದೆ. ಬ್ಲ್ಯಾಕ್ ಸ್ಪಾಟ್ ಲೆಕ್ಕದ ಬದಲು ಎರಡು ಅಂಡರ್‌ಪಾಸ್‌ಗಳ ನಡುವಿನ ಇಡೀ ಭಾಗದ ಲೆಕ್ಕ ಹಿಡಿದರೆ ಚಿತ್ರವೇ ಬೇರೆ ಕಾಣುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಅಲ್ಲಿ ಅದು ನಡೆಯಿತು, ಯಾಕೆಂದರೆ ಓಡಾಡಲು ಎರಡೂ ಬದಿ ಸರ್ವಿಸ್ ರಸ್ತೆ ಇದೆ. ನಮ್ಮಲ್ಲೂ ಹಾಗೇ ಮಾಡಿ ಅನ್ನುವವರು ಇದ್ದಾರೆ. ಮೊದಲು ತುಂಡಾಗದ ಸರ್ವಿಸ್ ರಸ್ತೆ ಕೊಡಲಿ, ಆಮೇಲೆ ಆ ಮಾತು.

ಉದ್ದದ ಲೆಕ್ಕದಲ್ಲೂ ಈ ರಸ್ತೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ ಅನ್ನುವುದನ್ನು ದಾವಣಗೆರೆ ಮರೆಯುವಂತಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ವರ್ಷಗಟ್ಟಲೆ ಎರಡೇ ಪಥದ್ದಾಗಿ ಉಳಿದಿತ್ತು. ಎರಡೂ ಕಡೆಯಿಂದ ಅಗಲ ರಸ್ತೆಯಲ್ಲಿ ವೇಗವಾಗಿ ಬಂದ ಗಾಡಿಗಳು ಅಲ್ಲಿ ಡಿವೈಡರೇ ಇಲ್ಲದೆ ಎದುರುಬದುರು ಓಡುತ್ತಿದ್ದವು. 2021ರ ಜನವರಿ 15ರಂದು, ಸಂಕ್ರಾಂತಿ ಮರುದಿನ, ದಾವಣಗೆರೆಯಿಂದ ಗೋವಾ ಪ್ರವಾಸ ಹೊರಟಿದ್ದ ಗೆಳತಿಯರ ಟೆಂಪೋ ಟ್ರಾವೆಲರಿಗೆ ಇಟಿಗಟ್ಟಿ ಬಳಿ ಟಿಪ್ಪರ್ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜೀವ ಹೋದವು. ಆ ಬೈಪಾಸ್ ಅಗಲ ಮಾಡುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು ಅದಾದ ಮೇಲೆ. ಆ ರಸ್ತೆ ಅಪಾಯಕಾರಿ ಅಂತ ಅದಕ್ಕೂ ಮೊದಲು ಯಾರಿಗೂ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು.

ಟೋಲ್ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹಿರಿಯೂರು ತಾಲ್ಲೂಕಿನ ಗುಯಿಲಾಳು, ದಾವಣಗೆರೆ ಹತ್ತಿರದ ಹೆಬ್ಬಾಳು, ರಾಣೆಬೆನ್ನೂರು ಬಳಿಯ ಚಳಗೇರಿ ಟೋಲ್‌ಗಳು ಎಲ್ಲರಿಗೂ ಗೊತ್ತು. 20 ಕಿ.ಮೀ. ಒಳಗಿನವರ ಸ್ವಂತ ಕಾರಿಗೆ ತಿಂಗಳ ಪಾಸ್ ಉಂಟು, ಅದೇ ಜಿಲ್ಲೆಯಲ್ಲಿ ನೋಂದಣಿಯಾದ ಬಾಡಿಗೆ ಗಾಡಿಗೆ, ನ್ಯಾಷನಲ್ ಪರ್ಮಿಟ್ ಇಲ್ಲದಿದ್ದರೆ, ಅರ್ಧ ರೇಟು. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ 200 ಟ್ರಿಪ್ಪಿನ ವಾರ್ಷಿಕ ಪಾಸ್ ಬಂತು, ಅದೂ ಸ್ವಂತ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ದೂರ ಓಡುವ ಕಾರಿನವರಿಗೆ ಇದು ಒಳ್ಳೇ ಲಾಭ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ತರಕಾರಿ ತರುವ ಪಿಕಪ್ ಗಾಡಿಯವನಿಗೆ ಆ ಪಾಸ್ ಇಲ್ಲ. ಇಲ್ಲೂ ಅನುಕೂಲ ಉದ್ದಕ್ಕೇ.

ಲೋಡು, ರಿಟರ್ನ್ ಲೋಡು

ಹೆದ್ದಾರಿ ಬಂದರೆ ಕಾರ್ಖಾನೆ ಬರುತ್ತದೆ ಅನ್ನುವುದು ಹಳೇ ನಂಬಿಕೆ. ಮುಂಬೈ–ಬೆಂಗಳೂರು ಕೈಗಾರಿಕಾ ಕಾರಿಡಾರ್ ಮಾತು ಜೋರಾಗಿ ಕೇಳಿಬಂದದ್ದು 2013ರಲ್ಲಿ, ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಭಾರತಕ್ಕೆ ಬಂದಿದ್ದಾಗ. ಕರ್ನಾಟಕದಲ್ಲಿ ಅದರ ಕೈಗಾರಿಕಾ ಕೇಂದ್ರಕ್ಕೆ ಆರಿಸಿದ್ದು ಧಾರವಾಡವನ್ನು. ಚೆನ್ನೈ–ಬೆಂಗಳೂರು ಕಾರಿಡಾರಿನ ಕೇಂದ್ರಕ್ಕೆ 2020ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ತುಮಕೂರಿಗೆ. ಮೇಲೆ ಧಾರವಾಡ, ಕೆಳಗೆ ತುಮಕೂರು, ನಡುವೆ ನಾವು ಲಾರಿಗಳನ್ನು ನೋಡುತ್ತಾ ನಿಂತಿದ್ದೇವೆ. ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರುಗಳು ಹೋಗುವಾಗ ಮಕ್ಕಳಿಗೆ ತೋರಿಸುತ್ತೇವೆ.

ಇದಕ್ಕೆ ಒಂದು ಸರಳ ಕಾರಣ ರಿಟರ್ನ್ ಲೋಡು. ಲಾರಿ ಮಾಲೀಕ ಬಾಡಿಗೆ ಹೇಳುವುದು ಹೋಗುವ ದೂರಕ್ಕೆ ಮಾತ್ರವಲ್ಲ, ವಾಪಸ್ ಬರುವಾಗ ಏನಾದರೂ ಸಿಗುತ್ತದೆಯೇ ಅಂತ ನೋಡಿ. ಬೆಂಗಳೂರಿಗೋ ಮುಂಬೈಗೋ ಹೋದರೆ ಎರಡೂ ಕಡೆ ಸರಕು ಇದ್ದೇ ಇರುತ್ತದೆ, ಗಾಡಿ ಖಾಲಿ ಓಡುವುದು ಕಡಿಮೆ. ಚಳ್ಳಕೆರೆಯ ಈರುಳ್ಳಿ ಬೆಂಗಳೂರಿಗೆ, ದಾವಣಗೆರೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಹೋಗುವುದು ಈ ಲೆಕ್ಕದ ಮೇಲೆಯೇ. 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗೆ ಬಿದ್ದಾಗ ಬಾಡಿಗೆಯ ಒಂದೊಂದು ರೂಪಾಯಿಯೂ ರೈತನ ಜೇಬಿನಿಂದಲೇ ಹೋಗುತ್ತದೆ. ಖರೀದಿದಾರ ಬಾಡಿಗೆ ಕಳೆದೇ ರೇಟು ಹೇಳುವುದು.

ಹತ್ತಿರದ ಸಮುದ್ರ, ಕಷ್ಟದ ದಾರಿ

ದಾವಣಗೆರೆಯಿಂದ ಮುಂಬೈಗೆ 700 ಕಿ.ಮೀ. ಮೇಲೆ, ಚೆನ್ನೈಗೆ 600ರ ಆಸುಪಾಸು. ಮಂಗಳೂರಿಗೆ ಶಿವಮೊಗ್ಗದ ಮೇಲೆ ಹೋದರೆ 300ಕ್ಕಿಂತ ಕಡಿಮೆ. ಪಣಂಬೂರಿನ ನವಮಂಗಳೂರು ಬಂದರು 1974ರಿಂದ ದೇಶದ ಪ್ರಮುಖ ಬಂದರುಗಳ ಪಟ್ಟಿಯಲ್ಲಿದೆ. ನಮ್ಮ ಹೊಲಕ್ಕೆ ಬೀಳುವ ‘ಮಂಗಳ’ ಯೂರಿಯಾ ಬರುವುದು ಅದೇ ಪಣಂಬೂರಿನ ಕಾರ್ಖಾನೆಯಿಂದ. ಬೆಳಗಿನ ಜಾವ ದಾವಣಗೆರೆ ಮಾರುಕಟ್ಟೆಗೆ ಬರುವ ಸಮುದ್ರದ ಮೀನು ಕೂಡ ಘಟ್ಟ ಹತ್ತಿಯೇ ಬರುತ್ತದೆ.

ನಕ್ಷೆಯಲ್ಲಿ ನೋಡಿದರೆ ದಾರಿಯೂ ಇದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 369. ಅಲ್ಲಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕಾರ್ಕಳ ದಾಟಿ ಮಂಗಳೂರಿಗೆ 169. ಹಳೇ ಲೆಕ್ಕದಲ್ಲಿ ಇವೆರಡೂ ಸೊಲ್ಲಾಪುರ–ಮಂಗಳೂರು ನಡುವಿನ ಎನ್‌ಎಚ್ 13ರ ತುಂಡುಗಳು. ಅಂದರೆ ಚಿತ್ರದುರ್ಗದಲ್ಲಿ ಆಗ ಎರಡು ಹೆದ್ದಾರಿ ಕೂಡುತ್ತಿದ್ದವು, ಎರಡಕ್ಕೂ ತುದಿಯಲ್ಲಿ ಸಮುದ್ರ ಇತ್ತು. ಉದ್ದದ್ದು ಆರು ಪಥ ಆಯಿತು. ಅಡ್ಡದ್ದಕ್ಕೆ ಆ ಭಾಗ್ಯ ಬರಲಿಲ್ಲ, ಹೊಸ ಲೆಕ್ಕದಲ್ಲಿ ನಾಲ್ಕು ಸಂಖ್ಯೆಯಾಗಿ ಹಂಚಿಹೋಯಿತು.

ಘಾಟಿಯಲ್ಲಿ ಸಮಸ್ಯೆ ಶುರುವಾಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಶೃಂಗೇರಿ–ಕಾರ್ಕಳ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತದೆ, ಅಲ್ಲಿ ಅಗಲ ಮಾಡುವುದು ಸುಲಭದ ಮಾತಲ್ಲ. ಹುಲಿಕಲ್ ಘಾಟಿ ಇಳಿಯಬಹುದು, ಮಳೆಗಾಲದಲ್ಲಿ ಅದೂ ಆಗಾಗ ಬಂದ್. ಉಳಿದದ್ದು ಹಾಸನಕ್ಕೆ ಸುತ್ತಿಕೊಂಡು ಶಿರಾಡಿ. ಅಲ್ಲಿ 2018, 2022, 2024ರ ಮಳೆಗಾಲಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಚಾರ್ಮಾಡಿಯಲ್ಲಿ 2019ರ ಆಗಸ್ಟಿನಲ್ಲಿ ಹೀಗೇ ಆಯಿತು. ಕೆಳಗೆ ಇಳಿದ ಮೇಲಾದರೂ ನೆಮ್ಮದಿ ಇದೆಯೇ ಅಂದರೆ, ಕರಾವಳಿ ಉದ್ದಕ್ಕೆ ಓಡುವ 66ನೇ ಹೆದ್ದಾರಿಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ರಸ್ತೆ ಮೇಲೆ ಬಂತು. ಜನ, ಲಾರಿ ಗಂಗಾವಳಿ ನದಿ ಪಾಲಾದರು.

ಹಾಗಂತ ಉದ್ದದ ರಸ್ತೆಯೂ ಮಳೆಗೆ ಹೊರತಲ್ಲ. 2019ರ ಆಗಸ್ಟ್, 2021ರ ಜುಲೈನಲ್ಲಿ ಕೊಲ್ಹಾಪುರದ ಬಳಿ ಪಂಚಗಂಗಾ ಉಕ್ಕಿ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಆದರೆ ಅಲ್ಲಿ ನೀರಿಳಿದ ಮೇಲೆ ಗಾಡಿ ಓಡುತ್ತದೆ. ಘಾಟಿಯಲ್ಲಿ ಕುಸಿದ ಗುಡ್ಡ ತೆಗೆದರೂ ಮುಂದಿನ ಮಳೆಗೆ ಮತ್ತೆ ಕುಸಿಯುತ್ತದೆ.

ಹಾಗಾದರೆ ಘಾಟಿ ರಸ್ತೆಗಳನ್ನು ನಾಲ್ಕು ಪಥ ಮಾಡಿಬಿಡೋಣ ಅನ್ನುವ ಬೇಡಿಕೆ ನಮ್ಮ ಕಡೆಯ ವ್ಯಾಪಾರಸ್ಥರಿಂದ ಬರುವುದು ಸಹಜ. ನನಗೆ ಇದು ಒಪ್ಪಿಗೆಯಿಲ್ಲ. ಭದ್ರಾ ನದಿ ಹುಟ್ಟುವುದು ಅದೇ ಕುದುರೆಮುಖ ಕಾಡಿನ ಗಂಗಾಮೂಲದಲ್ಲಿ. ಲಕ್ಕವಳ್ಳಿ ಡ್ಯಾಮಿನಿಂದ ಬಲದಂಡೆ ನಾಲೆಯಲ್ಲಿ ಹರಿದು ಬರುವ ಆ ನೀರಿನಲ್ಲೇ ದಾವಣಗೆರೆಯ ಗದ್ದೆಗಳು ಬದುಕಿರುವುದು. ಬೇಸಿಗೆ ಬೆಳೆಗೆ ಕೊನೆ ಭಾಗದ ರೈತರು ನೀರಿಗಾಗಿ ಹೋರಾಟ ಮಾಡದ ವರ್ಷ ಅಪರೂಪ. ಆ ಕಾಡು ಕಡಿದು ಮಾಡಿದ ರಸ್ತೆಯಲ್ಲಿ ಕಳಿಸಲು ನಮ್ಮಲ್ಲಿ ಭತ್ತವೇ ಉಳಿಯದಿದ್ದರೆ?

ಇನ್ನೊಂದು ನೆನಪೂ ಇದೆ. ಅಡ್ಡದ ದಾರಿಗಳು ಭರ್ಜರಿಯಾಗಿ ಓಡಿದ ಕಾಲವೊಂದಿತ್ತು, ಅದಿರಿನ ಕಾಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಗಣಿಗಳ ಕಾಲ. ಅದಿರು ಲಾರಿಗಳು ಅಂಕೋಲಾ ಕಡೆಗೂ ಶಿರಾಡಿ ಕಡೆಗೂ ಸಾಲುಗಟ್ಟಿ ಇಳಿದವು. ರಸ್ತೆ ಪುಡಿಯಾಯಿತು. ಭೀಮಸಮುದ್ರದ ಕಡೆ ಅಡಿಕೆ ತೋಟದ ಮೇಲೂ ಕೆಂಪು ಧೂಳು ಕೂತಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಮಿತಿ ಹಾಕಿಕೊಂಡು ತೆರೆದವು, 2022ರ ಮೇನಲ್ಲಿ ರಫ್ತಿಗೂ ಕೋರ್ಟು ಒಪ್ಪಿತು. ಬಂದರಿಗೆ ಅಗಲವಾದ ದಾರಿ ಸಿಕ್ಕರೆ ಅದರಲ್ಲಿ ಮೊದಲು ಇಳಿಯುವುದು ಮೆಕ್ಕೆಜೋಳವೋ ಅದಿರೋ ಅನ್ನುವುದನ್ನು ನಾವೂ ಕೇಳಿಕೊಳ್ಳಬೇಕು.

ಭಾರದ ಸರಕಿಗೆ ಘಟ್ಟ ಇಳಿಯಲು ಈಗಾಗಲೇ ಒಂದು ದಾರಿ ಇದೆ, ರೈಲು. ಹಾಸನ–ಮಂಗಳೂರು ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದವರು ಮತ್ತೆ ಗೂಡ್ಸ್ ಓಡಿಸಿದ್ದು 2006ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗ, 50 ಮೀಟರಿಗೆ ಒಂದು ಮೀಟರ್ ಏರು. ಅಲ್ಲಿ ಓಡಿಸಬಹುದಾದ ರೈಲುಗಳಿಗೆ ಮಿತಿ ಇದೆ ನಿಜ. ಆದರೆ ಆ ಹಳಿ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಮೂಲಕ ದಾವಣಗೆರೆಗೆ ಈಗಲೇ ಸೇರಿಕೊಂಡಿದೆ. ಯೂರಿಯಾ, ಮೆಕ್ಕೆಜೋಳದಂಥ ಸರಕಿಗೆ ಅವಸರವಿಲ್ಲ, ರೈಲಿನಲ್ಲಿ ಹೋಗಬಹುದು. ಬೇಕಾಗಿರುವುದು ನಮ್ಮ ತುದಿಯಲ್ಲಿ ಒಳ್ಳೇ ಗೂಡ್ಸ್ ಶೆಡ್, ಗೋದಾಮು ಮತ್ತು ಸಣ್ಣ ವ್ಯಾಪಾರಿಗೆ ಇಡೀ ರೇಕ್, ಅಂದರೆ ಪೂರ್ತಿ ಗೂಡ್ಸ್ ರೈಲು, ಬುಕ್ ಮಾಡದೆ ಕೆಲವೇ ಬೋಗಿ ಸಿಗುವ ವ್ಯವಸ್ಥೆ. ಆರು ಪಥಕ್ಕೆ ಆಗುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಯಾರೂ ಕೇಳುತ್ತಿಲ್ಲ, ಯಾಕೆಂದರೆ ಗೂಡ್ಸ್ ಶೆಡ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾರಿಗೂ ಆಸೆಯಿಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗಕ್ಕೆ ಎಲ್ಲರೂ ಚಪ್ಪಾಳೆ ಹೊಡೆದಿದ್ದೇವೆ. ಬೇಕಾದದ್ದೇ, ಬೇಡ ಅನ್ನುವುದಿಲ್ಲ. ಅದೂ ಹೆದ್ದಾರಿ ಪಕ್ಕದಲ್ಲೇ, ಉದ್ದಕ್ಕೇ ಇದೆ ಅನ್ನುವುದನ್ನು ಮಾತ್ರ ಗಮನಿಸಿ.

ಮುಂದೆ ಬರಲಿರುವ ರಸ್ತೆ

ಪುಣೆ–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಅಂತ ಸುಮಾರು 700 ಕಿ.ಮೀ.ನ ಹೊಸ ರಸ್ತೆಯ ಪ್ರಸ್ತಾವ ಇದೆ. ಈಗಿನ ಹೆದ್ದಾರಿ ಬಿಟ್ಟು, ಅದರ ಪೂರ್ವಕ್ಕೆ, ಹೊಲಗಳ ಮೇಲೆ ಹೊಸದಾಗಿ ಎಳೆಯುವ ರಸ್ತೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಅದರ ದಾರಿಯಲ್ಲಿವೆ. ಭೂಮಿಗೆ ಎಷ್ಟು ಬೆಲೆ ಸಿಗಬಹುದು ಅನ್ನುವ ಮಾತು ಈಗಾಗಲೇ ಹಳ್ಳಿಕಟ್ಟೆಗಳಲ್ಲಿ ಕೇಳುತ್ತದೆ.

ಇಂಥ ರಸ್ತೆಗೆ ಎಲ್ಲೆಂದರಲ್ಲಿ ಏರಲು ಆಗುವುದಿಲ್ಲ. ಎರಡೂ ಬದಿ ಬೇಲಿ, ಏರಿಳಿಯುವ ಜಾಗಗಳು ಬೆರಳೆಣಿಕೆ. ಈಗಿನ ಹೆದ್ದಾರಿಯಲ್ಲಿ ರಾಂಗ್ ಸೈಡಾದರೂ ಹೋಗುತ್ತಾರೆ, ಅಲ್ಲಿ ಅದೂ ಇಲ್ಲ. ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ಹೊಲ ಎರಡು ತುಂಡಾದವನಿಗೆ, ಗೋಮಾಳ ಆಚೆ ಉಳಿದ ಊರಿಗೆ, ಕೆರೆಗೆ ನೀರು ತರುವ ಹಳ್ಳಕ್ಕೆ ದಾರಿ ಎಲ್ಲಿ ಅನ್ನುವುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ಡಾಂಬರು ಬಿದ್ದ ಮೇಲೆ ಅಂಡರ್‌ಪಾಸ್ ಕೇಳಿದರೆ ಏನಾಗುತ್ತದೆ ಅನ್ನುವುದನ್ನು ಹೆದ್ದಾರಿ ಪಕ್ಕದ ಊರುಗಳು ಧರಣಿ ಕೂತು ಕಲಿತಿವೆ.

ಇಲ್ಲಿ ಕಾನೂನಿನಲ್ಲೇ ಒಂದು ಸಂದು ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಲ್ಲಿ ಭೂಸ್ವಾಧೀನದ ಅಧಿಸೂಚನೆ ಹೊರಟ ಮೇಲೆ ಆಕ್ಷೇಪ ಹೇಳಲು ಸಿಗುವುದು 21 ದಿನ. ಹಾಗೆ ಹೇಳುವ ಹಕ್ಕು ಇರುವುದು ಆ ಭೂಮಿಯಲ್ಲಿ ಹಿತಾಸಕ್ತಿ ಇದ್ದವರಿಗೆ. ಭೂಮಿ ಹೋಗದಿದ್ದರೂ ದಿನಾ ಆ ಗೆರೆ ದಾಟಬೇಕಾದ ಕೂಲಿಯವರು, ಕುರಿ ಕಾಯುವವರು, ಶಾಲೆ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಭೂಮಿ ಇದ್ದವರೂ ಹೆಚ್ಚಾಗಿ ಕೇಳುವುದು ಪರಿಹಾರದ ಮೊತ್ತವನ್ನು. ಅದು ತಪ್ಪೂ ಅಲ್ಲ.

ಉಳಿದವರಿಗೆ ಬಾಯಿ ಬಿಡಲು ಸಿಗುವ ಜಾಗ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ. ಹೊಸ ರಾಷ್ಟ್ರೀಯ ಹೆದ್ದಾರಿಗೆ ಇದು ಬೇಕು, ಜಿಲ್ಲೆ ಜಿಲ್ಲೆಯಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಬೇಕು, 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅಲ್ಲಿ ಭೂಮಿ ಇಲ್ಲದವರೂ ಮಾತಾಡಬಹುದು, ಹೇಳಿದ್ದನ್ನು ದಾಖಲಿಸಲೇಬೇಕು. ಆ ಸಭೆಗೆ ಗ್ರಾಮ ಪಂಚಾಯಿತಿಗಳು ತಮ್ಮ ಊರಿನ ನಕ್ಷೆ ಹಿಡಿದು ಹೋಗಬೇಕು. ಯಾವ ದಾರಿಯಲ್ಲಿ ದನ ಹೋಗುತ್ತವೆ, ಯಾವ ಹಳ್ಳದಲ್ಲಿ ಎಷ್ಟು ನೀರು ಬರುತ್ತದೆ, ಎರಡು ಅಂಡರ್‌ಪಾಸ್ ನಡುವೆ ಎಷ್ಟು ದೂರ ಇದ್ದರೆ ಜನ ರಾಂಗ್ ಸೈಡ್ ಹಿಡಿಯುವುದಿಲ್ಲ ಅನ್ನುವುದನ್ನು ಸರ್ವೆ ನಂಬರ್ ಸಮೇತ ಬರೆದುಕೊಡಬೇಕು. ಬರೀ ವಿರೋಧ ಅಂತ ಬರೆದ ಮನವಿಗೆ ಅಧಿಕಾರಿಗಳು ಒಂದೇ ಸಾಲಿನ ಉತ್ತರ ಕೊಡುತ್ತಾರೆ. ಸರ್ವೆ ನಂಬರ್ ಇದ್ದ ಮನವಿಗೆ ಆ ನಂಬರಿನ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ.